ಯಹೂದಿ ಜನಪದ ಸಂಗೀತಕ್ಕೆ ಪಠ್ಯದಲ್ಲಿ ಜಾಗ ಬೇಕು, ಮಟ್ಟಿನ ಸಮೇತ

ಸಂಪಾದಕರಿಗೆ,

ಮಾನ್ಯರೇ,

ಜಾನಪದ ಸ್ನಾತಕೋತ್ತರ ತರಗತಿಗಳ ಪಠ್ಯಕ್ರಮ ಹೇಗಿರಬೇಕೆಂದು ನಿಮ್ಮ ಪತ್ರಿಕೆಯ ಓದುಗರ ಪತ್ರಗಳ ವಿಭಾಗದಲ್ಲಿ ನಡೆದಿರುವ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಹೊರನಾಡುಗಳ ಜನಪದ ಸಂಗೀತಕ್ಕೆ, ಅದರಲ್ಲೂ ಯಹೂದಿ ಜನಪದ ಸಂಗೀತಕ್ಕೆ ಒಂದು ಘಟಕವನ್ನು ಮೀಸಲಿಡುವ ಸಲಹೆಯನ್ನು ವಿರೋಧಿಸಿ ಓದುಗರೊಬ್ಬರು ಬರೆದ ಪತ್ರದಲ್ಲಿ, ನಮ್ಮ ಸೋಬಾನೆ ಪದಗಳೇ ಮರೆಯಾಗುತ್ತಿರುವಾಗ ಎಲ್ಲಿಯದೋ ಹಾಡಿನ ಗೊಡವೆ ನಮ್ಮ ವಿದ್ಯಾರ್ಥಿಗಳಿಗೆ ಏಕೆ ಎಂಬ ಪ್ರಶ್ನೆ ಇತ್ತು. ಪ್ರಶ್ನೆ ಪ್ರಾಮಾಣಿಕವಾದದ್ದು, ಅದರ ಹಿಂದಿರುವ ಕಳವಳ ನನ್ನದೂ ಹೌದು. ಆದರೆ ಅದೇ ಕಳವಳದಿಂದ ಹೊರಟ ನಾನು ತಲುಪಿರುವ ತೀರ್ಮಾನ ಬೇರೆ. ಹಾಸನ ಜಿಲ್ಲೆಯ ಕಾಲೇಜುಗಳಲ್ಲಿ ಕನ್ನಡವನ್ನೂ ಜಾನಪದವನ್ನೂ ಬಹುಕಾಲ ಪಾಠ ಮಾಡಿದ ನನಗೆ, ನಮ್ಮ ಜಾನಪದ ಅಧ್ಯಯನದಲ್ಲಿರುವ ಒಂದು ದೊಡ್ಡ ಕೊರತೆ ಎಂಥದೆಂಬುದು ಯಹೂದಿ ಹಾಡುಗಳ ಸಂಗ್ರಹದ ಚರಿತ್ರೆಯನ್ನು ಓದುವಾಗಲೇ ಸ್ಪಷ್ಟವಾಗಿ ಕಂಡಿತು. ನಾವು ಜನಪದ ಹಾಡನ್ನು ಕವಿತೆಯಂತೆ ಓದಿ ಮುಗಿಸುತ್ತೇವೆ. ಅದರ ಮಟ್ಟನ್ನು, ಎಂದರೆ ಹಾಡುವ ಧಾಟಿಯನ್ನು, ಕೇಳುವುದೂ ಇಲ್ಲ, ಕೇಳಿಸುವುದೂ ಇಲ್ಲ.

ಇದು ನಮ್ಮ ಹಿರಿಯ ಸಂಗ್ರಾಹಕರ ಮೇಲಿನ ದೂರಲ್ಲ. ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹಳ್ಳಿಯ ಹಾಡುಗಳನ್ನು ಕಲೆಹಾಕಿ ಅಚ್ಚು ಹಾಕಿಸಿದ ಕಾಲದಲ್ಲಿ ಅವರ ಕೈಯಲ್ಲಿದ್ದದ್ದು ಕಾಗದ ಮತ್ತು ಲೇಖನಿ ಮಾತ್ರ. ಆಮೇಲೆ ಜೀಶಂಪ (ಜೀ.ಶಂ. ಪರಮಶಿವಯ್ಯ) ಅವರು, ಎಚ್.ಎಲ್. ನಾಗೇಗೌಡರು ಮತ್ತು ಅವರಂಥ ಅನೇಕರು ಊರೂರು ಅಲೆದು ತಂದ ಪದಗಳಿಲ್ಲದಿದ್ದರೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಜಾನಪದ ವಿಭಾಗಗಳೇ ಹುಟ್ಟುತ್ತಿರಲಿಲ್ಲ. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಪ್ರತ್ಯೇಕವಾದ ವಿಶ್ವವಿದ್ಯಾಲಯವೊಂದು ಬರುವಂತೆಯೂ ಇರಲಿಲ್ಲ. ನನ್ನ ಆಕ್ಷೇಪ ಇರುವುದು ಅವರ ನಂತರದ ನಮ್ಮಂಥ ಅಧ್ಯಾಪಕರ ಪಾಠಕ್ರಮದ ಬಗ್ಗೆ. ಪರೀಕ್ಷೆಯಲ್ಲಿ ತ್ರಿಪದಿಯ ಲಕ್ಷಣವನ್ನು ಕೇಳುತ್ತೇವೆ, ವಿದ್ಯಾರ್ಥಿ ಗಣ ವಿಂಗಡಿಸಿ ಪೂರ್ಣ ಅಂಕ ಪಡೆಯುತ್ತಾನೆ. ಆದರೆ ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸು ಅದೇ ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲನ್ನು ಮತ್ತೆ ಎತ್ತಿಕೊಂಡು, ಅಲ್ಲಿಂದ ಮೂರನೆಯ ಸಾಲಿಗೆ ಇಳಿಯುತ್ತಾಳೆ; ಕಾಗದದ ಮೇಲೆ ಮೂರು ಸಾಲಾಗಿರುವುದು ಬಾಯಲ್ಲಿ ನಾಲ್ಕು ಸಾಲಾಗುತ್ತದೆ. ಆ ಮರುಕಳಿಕೆಯಲ್ಲಿಯೇ ಕಲ್ಲಿನ ಸುತ್ತು ಪೂರ್ತಿಯಾಗುತ್ತದೆ, ಮುಂದಿನ ಸೊಲ್ಲಿಗೆ ಉಸಿರು ಸಿಗುತ್ತದೆ. ಅಚ್ಚಾದ ಪುಟವನ್ನಷ್ಟೇ ಓದಿದವರಿಗೆ ಇದು ತಿಳಿಯುವ ಸಂಭವವೇ ಇಲ್ಲ.

ಯಹೂದಿ ವಿದ್ವಾಂಸರು ಇಂಥದೇ ಸ್ಥಿತಿಯಲ್ಲಿ ನೂರಿಪ್ಪತ್ತು ವರ್ಷಗಳ ಹಿಂದೆ ನಿಂತಿದ್ದರು. 1901ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಗಿಂಜ್ಬರ್ಗ್ ಮತ್ತು ಮಾರೆಕ್ ಎಂಬ ಇಬ್ಬರು ವಿದ್ವಾಂಸರು ರಷ್ಯಾದ ಯಹೂದಿಗಳ ಆಡುಭಾಷೆಯಾದ ಯಿಡ್ಡಿಷ್‌ನ 376 ಜನಪದ ಗೀತೆಗಳನ್ನು ಪ್ರಕಟಿಸಿದರು. ಅಷ್ಟು ದೊಡ್ಡ ಸಂಗ್ರಹದಲ್ಲಿ ಹಾಡುಗಳ ಮಟ್ಟುಗಳಿರಲಿಲ್ಲ, ಬರೀ ಪದಗಳಿದ್ದವು. ಆ ಕೊರತೆಯನ್ನು ಅವರ ಸಮಾಜ ಬಹುಬೇಗ ಗುರುತಿಸಿತು. 1908ರಲ್ಲಿ ಅದೇ ನಗರದ ಸಂಗೀತ ವಿದ್ಯಾಲಯದಲ್ಲಿ ಓದಿದ ಯುವ ಸಂಗೀತಗಾರರು ಸೇರಿ ಯಹೂದಿ ಜನಪದ ಸಂಗೀತಕ್ಕೆಂದೇ ಒಂದು ಸಂಘ ಕಟ್ಟಿದರು. 1912ರಲ್ಲಿ ಆನ್-ಸ್ಕಿ ಎಂಬ ಕಾವ್ಯನಾಮದಿಂದ ಪ್ರಸಿದ್ಧನಾದ ಲೇಖಕ, ಸಂಗೀತಜ್ಞ ಯೋಯೆಲ್ ಎಂಗೆಲ್‌ನನ್ನು ಜೊತೆಗೆ ಕರೆದುಕೊಂಡು, ಮೇಣದ ಕೊಳವೆಯ ಮೇಲೆ ಧ್ವನಿ ಕೊರೆಯುವ ಫೋನೋಗ್ರಾಫ್ ಯಂತ್ರವನ್ನು ಹೊತ್ತು, ಇಂದಿನ ಉಕ್ರೇನಿಗೆ ಸೇರಿದ ವೊಲಿನಿಯಾ ಮತ್ತು ಪೊಡೋಲಿಯಾ ಸೀಮೆಗಳ ಸಣ್ಣ ಪೇಟೆಗಳಿಗೆ ಹೊರಟ. ಹುಟ್ಟಿನಿಂದ ಸಾವಿನವರೆಗಿನ ಆಚರಣೆಗಳನ್ನು ಕುರಿತು ಅವನ ತಂಡ ಸಿದ್ಧಪಡಿಸಿದ ಪ್ರಶ್ನಾವಳಿಯಲ್ಲಿ 2087 ಪ್ರಶ್ನೆಗಳಿದ್ದವು. ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಹೊರಡುವ ಮುನ್ನ ಆ ಪ್ರಶ್ನಾವಳಿಯ ಸ್ವರೂಪವನ್ನಾದರೂ ತಿಳಿದಿರಬೇಕು ಎಂದು ನಾನು ಬಯಸುತ್ತೇನೆ. 1914ರಲ್ಲಿ ಮಹಾಯುದ್ಧ ಬಂದು ಆ ಯಾತ್ರೆ ನಿಂತುಹೋಯಿತು.

ಅದರ ಮುಂದಿನ ಕಥೆಯನ್ನು ಪಾಠ ಮಾಡದೆ ಜಾನಪದ ಸಂಗ್ರಹದ ಬೆಲೆಯನ್ನು ವಿದ್ಯಾರ್ಥಿಗಳಿಗೆ ಮನಗಾಣಿಸುವುದು ಹೇಗೋ ನನಗೆ ತಿಳಿಯದು. ಕೀವ್ ನಗರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಸಂಗೀತ ಜಾನಪದ ವಿಭಾಗವನ್ನು ನಡೆಸುತ್ತಿದ್ದ ಮೊಯಿಸೆಯ್ ಬೆರೆಗೋವ್‌ಸ್ಕಿ (1892–1961) ಸುಮಾರು ಎರಡು ದಶಕಗಳ ಕಾಲ ಹಾಡುಗಾರರನ್ನೂ ವಾದ್ಯಗಾರರನ್ನೂ ಹುಡುಕಿ ಹೋಗಿ ಧ್ವನಿಮುದ್ರಿಸಿದ, ಸ್ವರಲಿಪಿ ಹಾಕಿದ, ಯಹೂದಿ ಮಟ್ಟು ಮತ್ತು ಉಕ್ರೇನಿಯನ್ ಮಟ್ಟುಗಳ ಕೊಡುಕೊಳೆಯನ್ನು ಹೋಲಿಸಿ ನೋಡಿದ. ಅವನು ಕೆಲಸ ಮಾಡಿದ ಪೇಟೆಗಳ ಯಹೂದಿ ಜನರನ್ನು ನಾಜಿ ಪಡೆಗಳು 1941ರ ನಂತರ ಊರಿಗೆ ಊರೇ ಕೊಂದುಹಾಕಿದವು. ಯುದ್ಧ ಮುಗಿಯುತ್ತ ಬಂದಾಗ ಬೆರೆಗೋವ್‌ಸ್ಕಿ ಮತ್ತೆ ಹೊರಟು, ಬದುಕಿ ಉಳಿದವರಿಂದ ಬಂಧನ ಶಿಬಿರಗಳಲ್ಲಿ ಮತ್ತು ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಗಳಲ್ಲಿ ಹುಟ್ಟಿದ ಹಾಡುಗಳನ್ನು ಬರೆದುಕೊಂಡ. 1950ರಲ್ಲಿ ಸೋವಿಯತ್ ಸರ್ಕಾರವೇ ಅವನನ್ನು ಬಂಧಿಸಿ ಶ್ರಮಶಿಬಿರಕ್ಕೆ ಕಳಿಸಿತು. ಅವನು ಹೊರಬಂದದ್ದು 1955ರಲ್ಲಿ. ತನ್ನ ಸಂಗ್ರಹ ಪೂರ್ತಿಯಾಗಿ ಬೆಳಕು ಕಂಡದ್ದನ್ನು ನೋಡದೆಯೇ ತೀರಿಕೊಂಡ. ನಾಶವಾಗಿಯೇ ಹೋಯಿತೆಂದು ಬಹುಮಂದಿ ನಂಬಿದ್ದ ಆ ಮೇಣದ ಕೊಳವೆಗಳು ಕೀವ್‌ನ ವೆರ್ನಾದ್‌ಸ್ಕಿ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇರುವುದು 1990ರ ದಶಕದಲ್ಲಿ ಹೊರಜಗತ್ತಿಗೆ ಗೊತ್ತಾಯಿತು. 1912ರಿಂದ 1947ರವರೆಗಿನ ಧ್ವನಿಮುದ್ರಣಗಳಿರುವ ಆ ಸಂಗ್ರಹವನ್ನು, ಅದರಲ್ಲಿರುವ 1017 ಕೊಳವೆಗಳ ಸಮೇತ, ಯುನೆಸ್ಕೊ 2005ರಲ್ಲಿ ವಿಶ್ವದ ಸ್ಮೃತಿ ಪಟ್ಟಿಗೆ ಸೇರಿಸಿತು.

ಇದೇ ಗ್ರಂಥಾಲಯದಲ್ಲಿ ಬೆರೆಗೋವ್‌ಸ್ಕಿ ಮತ್ತು ಅವನ ಸಹೋದ್ಯೋಗಿಗಳು ಯುದ್ಧಕಾಲದಲ್ಲಿ ಬರೆದಿಟ್ಟ ಹಾಡುಗಳ ಕಾಗದಗಳೂ ಸಿಕ್ಕವು. ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಅನ್ನಾ ಶ್ಟೆರ್ನ್‌ಶಿಸ್ ಅವುಗಳನ್ನು ಅಧ್ಯಯನ ಮಾಡಿದಾಗ ಎದುರಾದ ತೊಡಕು, ನಮ್ಮ ಸಂಪುಟಗಳನ್ನು ತೆರೆದಾಗ ಎದುರಾಗುವುದೇ ಆಗಿತ್ತು: ಪದಗಳಿದ್ದವು, ಬಹುಪಾಲಿಗೆ ಮಟ್ಟು ಇರಲಿಲ್ಲ. ಕೊನೆಗೆ ಕಲಾವಿದರೊಬ್ಬರ ನೆರವಿನಿಂದ, ಆ ಕಾಲದಲ್ಲಿ ಬಳಕೆಯಲ್ಲಿದ್ದ ಧಾಟಿಗಳನ್ನು ಹುಡುಕಿ, ಛಂದಸ್ಸಿಗೂ ಭಾವಕ್ಕೂ ಹೊಂದುವುದನ್ನು ಆರಿಸಿ ಆ ಪದಗಳನ್ನು ಮತ್ತೆ ಹಾಡಬೇಕಾಯಿತು. ಆ ಧ್ವನಿಮುದ್ರಿಕೆ 2018ರಲ್ಲಿ ಹೊರಬಂದಿತು. ಅದು ಮೆಚ್ಚಬೇಕಾದ ಕೆಲಸವೇ. ಆದರೂ ಆ ಹಾಡನ್ನು ಕಟ್ಟಿದವರು ಅದನ್ನು ಯಾವ ದನಿಯಲ್ಲಿ ಹಾಡಿದ್ದರೆಂಬುದು ಇನ್ನು ಯಾರಿಗೂ ಖಚಿತವಾಗಿ ತಿಳಿಯಲಾರದು. ಕೊಲೆಗಡುಕರ ನಡುವೆ ಹಾಡು ಬರೆದುಕೊಂಡವರಿಗೆ ಮಟ್ಟನ್ನು ಉಳಿಸಿಕೊಳ್ಳುವ ಅವಕಾಶ ಇರಲಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲೂ ಧ್ವನಿಮುದ್ರಣ ಮಾಡುವ ಮೊಬೈಲ್ ಇರುವ ಈ ಕಾಲದಲ್ಲಿ, ಸಕಲೇಶಪುರದ ಕಡೆಯ ಸುಗ್ಗಿ ಪದಗಳ ಮೇಲೆ ಬರೆದ ಪ್ರಬಂಧಕ್ಕೆ ಒಂದು ನಿಮಿಷದ ಧ್ವನಿಯನ್ನೂ ಲಗತ್ತಿಸದೆ ಪದವಿ ಕೊಡುವ ನಮಗೆ ಯಾವ ನೆಪವಿದೆ?

ಯಹೂದಿ ಜನಪದ ಸಂಗೀತವೆಂದರೆ ಒಂದೇ ಬಗೆಯದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಪೂರ್ವ ಯುರೋಪಿನ ಯಿಡ್ಡಿಷ್ ಹಾಡುಗಳು ಒಂದು ಕವಲು. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟವರು ಸಲೋನಿಕಾ, ಸರಾಯೆವೊ ಮೊದಲಾದ ಊರುಗಳಲ್ಲಿ ನೆಲೆಸಿ, ತಾಯಿಯಿಂದ ಮಗಳಿಗೆ ಎಂಬಂತೆ ಉಳಿಸಿಕೊಂಡ ಲಡಿನೊ ಭಾಷೆಯ ಕಥನಗೀತೆಗಳು ಇನ್ನೊಂದು. ಯೆಮನ್ ದೇಶದ ಹೆಂಗಸರು ತಾಮ್ರದ ತಟ್ಟೆಯನ್ನು ಬಡಿಯುತ್ತ ಅರಬ್ಬಿಯಲ್ಲಿ ಹೇಳುವ ಮದುವೆಯ ಹಾಡುಗಳು ಮತ್ತೊಂದು. ಇವೆಲ್ಲವನ್ನೂ ಒಂದೇ ಕಡೆ ಇಟ್ಟು ಹೋಲಿಸುವ ಕೆಲಸವನ್ನು ಮೊದಲು ವಿಸ್ತಾರವಾಗಿ ಮಾಡಿದವನು ಲಾಟ್ವಿಯಾ ಮೂಲದ ಎ.ಜೆ. ಈಡೆಲ್‌ಸೋನ್. ಜೆರುಸಲೇಮಿನಲ್ಲಿ ನೆಲೆಸಿ, ಅಲ್ಲಿಗೆ ಬಂದು ಸೇರಿದ್ದ ನಾನಾ ದೇಶದ ಯಹೂದಿಗಳ ಮಟ್ಟುಗಳನ್ನು ಧ್ವನಿಮುದ್ರಿಸಿ, 1914ರಿಂದ 1932ರವರೆಗೆ ಹತ್ತು ಸಂಪುಟಗಳಲ್ಲಿ ಪ್ರಕಟಿಸಿದ ಅವನ ತೀರ್ಮಾನಗಳಲ್ಲಿ ಕೆಲವನ್ನು ಈಗಿನ ವಿದ್ವಾಂಸರು ಒಪ್ಪುವುದಿಲ್ಲ. ಅವನು ಸಂಗ್ರಹಿಸಿದ ಮಟ್ಟುಗಳು ಮಾತ್ರ ಇಂದಿಗೂ ಅಧ್ಯಯನದ ತಳಹದಿಯಾಗಿವೆ. 1964ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಯಹೂದಿ ಸಂಗೀತಕ್ಕೆಂದೇ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು.

ಕ್ಲೆಜ್ಮರ್ ಎಂದು ಹೆಸರಾದ ಪೂರ್ವ ಯುರೋಪಿನ ಮದುವೆಯ ವಾದ್ಯಸಂಗೀತದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕೆನಿಸುತ್ತದೆ, ಏಕೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಅದು ಅಪರಿಚಿತವೆನಿಸಲಾರದು. ಪಿಟೀಲು, ಕ್ಲಾರಿನೆಟ್, ನಮ್ಮ ಸಂತೂರಿನ ಬಳಗಕ್ಕೆ ಸೇರುವ ಸಿಂಬ್ಲ್ ಎಂಬ ಬಡಿಯುವ ತಂತಿವಾದ್ಯ, ಇವು ಅದರ ಮುಖ್ಯ ವಾದ್ಯಗಳು. ನುಡಿಸುವವರು ವಂಶಪಾರಂಪರ್ಯವಾಗಿ ಆ ಕಸುಬಿನವರು. ಸಣ್ಣ ಪೇಟೆಗಳಲ್ಲಿ ಅವರಲ್ಲಿ ಹಲವರು ಕ್ಷೌರದ ಕೆಲಸವನ್ನೂ ಮಾಡುತ್ತಿದ್ದರು. ಅವರಿಲ್ಲದೆ ಮದುವೆ ಆಗುತ್ತಿರಲಿಲ್ಲ, ಆದರೂ ಸಮಾಜದಲ್ಲಿ ಅವರಿಗೆ ಸಿಗುತ್ತಿದ್ದ ಮರ್ಯಾದೆ ಅಷ್ಟಕ್ಕಷ್ಟೆ. ನಮ್ಮ ಊರುಗಳಲ್ಲಿ ವಾಲಗದವರ ಸ್ಥಿತಿಯನ್ನು ಕಂಡವರಿಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ. ಮದುವೆಯಲ್ಲಿ ತಾಳಿಗೆ ಸಮಾನವಾದ ಶಾಸ್ತ್ರಕ್ಕೆ ಮುಂಚೆ ಮದುಮಗಳನ್ನು ನಡುವೆ ಕೂರಿಸುತ್ತಾರೆ. ಬದ್ಖನ್ ಎಂಬ ಪ್ರಾಸಕಾರ ಎದುರು ನಿಂತು, ತೌರಿನ ದಿನಗಳು ಮುಗಿದವು, ಮುಂದೆ ಸಂಸಾರದ ಭಾರವಿದೆ ಎಂದು ಆಶುವಾಗಿ ಪದ ಕಟ್ಟಿ ಹೇಳುತ್ತಾನೆ. ಅವನ ಒಂದೊಂದು ಸಾಲಿಗೂ ಪಿಟೀಲು ಉತ್ತರ ಕೊಡುತ್ತ ಹೋಗುತ್ತದೆ. ಮದುಮಗಳೂ ಸುತ್ತಲಿನ ಹೆಂಗಸರೂ ಅಳುತ್ತಾರೆ, ಅಳಬೇಕೆಂಬುದೇ ಪದ್ಧತಿ. ಹೆಣ್ಣೊಪ್ಪಿಸುವ ಹಾಡು ಶುರುವಾದಾಗ ನಮ್ಮ ಚಪ್ಪರದ ಕೆಳಗೆ ಆಗುವುದೂ ಇದೇ. ಎರಡು ಸಮಾಜಗಳಿಗೆ ಪರಸ್ಪರ ಪರಿಚಯವೇ ಇರಲಿಲ್ಲವಾದ್ದರಿಂದ, ಈ ಸಾಮ್ಯ ಎಲ್ಲಿಂದ ಬಂತು, ಅಳಿಸುವ ಹಾಡಿಗೆ ಮದುವೆಯಲ್ಲಿ ಏನು ಕೆಲಸ ಎಂಬ ಪ್ರಶ್ನೆಯನ್ನು ಜಾನಪದದ ತರಗತಿಯಲ್ಲಿ ಕೇಳಲೇಬೇಕು. ನಮ್ಮ ಹಾಡನ್ನು ಮಾತ್ರ ಓದುವ ವಿದ್ಯಾರ್ಥಿಗೆ ಆ ಪ್ರಶ್ನೆ ಹೊಳೆಯುವುದಿಲ್ಲ, ಏಕೆಂದರೆ ಅವನಿಗೆ ಅದು ಸಹಜವಾದ ಸಂಗತಿಯಾಗಿಯೇ ಕಾಣುತ್ತದೆ.

ಅದೇ ಪಿಟೀಲಿನಲ್ಲಿ ಒಂದು ಸ್ವರದ ತುದಿಯನ್ನು ಗಂಟಲು ಬಿಗಿದಂತೆ ಥಟ್ಟನೆ ಚಿವುಟಿ ಬಿಡುವ ಒಂದು ಕ್ರಮವಿದೆ. ನುಡಿಸುವವರು ಅದನ್ನು ಕ್ರೆಖ್ತ್ಸ್ ಎನ್ನುತ್ತಾರೆ. ಪ್ರಾರ್ಥನಾ ಮಂದಿರದ ಗಾಯಕರ ಬಿಕ್ಕಿನಿಂದ ಅದು ವಾದ್ಯಕ್ಕೆ ಬಂದಿದೆ. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಅದಕ್ಕೊಂದು ಗುರುತು ಹಾಕಬಹುದಾದರೂ ಗುರುತನ್ನು ನೋಡಿ ನುಡಿಸಿದರೆ ಅದು ಬರುವುದಿಲ್ಲ, ಕೇಳಿಯೇ ಕಲಿಯಬೇಕು. ಗಮಕವನ್ನು ಪುಸ್ತಕದಿಂದ ಕಲಿಯಲಾಗದೆಂದು ಬಲ್ಲ ನಮ್ಮ ಸಂಗೀತದ ವಿದ್ಯಾರ್ಥಿಗಳು ಇದನ್ನು ಬೇಗ ಗ್ರಹಿಸುತ್ತಾರೆ. ಅವರಿಗೆ ಇನ್ನೊಂದು ಆಸಕ್ತಿಯ ವಿಷಯವೂ ಇದೆ. ಕ್ಲೆಜ್ಮರ್‌ನಲ್ಲಿ ಫ್ರೈಗಿಷ್ ಎಂದು ಕರೆಯುವ ಸ್ವರಶ್ರೇಣಿ ನಮ್ಮ ಕರ್ನಾಟಕ ಸಂಗೀತದ 14ನೆಯ ಮೇಳವಾದ ವಕುಳಾಭರಣದ ಸ್ವರಗಳನ್ನೇ ಹೊಂದಿದೆ. ಬೆರೆಗೋವ್‌ಸ್ಕಿ ವಿಶೇಷವಾಗಿ ಅಭ್ಯಸಿಸಿದ ಇನ್ನೊಂದು ಶ್ರೇಣಿ 58ನೆಯ ಮೇಳ ಹೇಮವತಿಗೆ ಸರಿಹೊಂದುತ್ತದೆ. ಸ್ವರಗಳು ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ, ರಕ್ತಸಂಬಂಧವಂತೂ ಸಾಬೀತಾಗುವುದಿಲ್ಲ. ಈ ಎಚ್ಚರವನ್ನು ಕಲಿಸುವುದಕ್ಕೂ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಸಿದಿ ಪಂಥದ ಯಹೂದಿಗಳಲ್ಲಿ ನಿಗುನ್ ಎಂಬ ಪ್ರಕಾರವಿದೆ. ಅದರಲ್ಲಿ ಬಹಳಷ್ಟಕ್ಕೆ ಪದಗಳೇ ಇಲ್ಲ; ಅರ್ಥವಿಲ್ಲದ ಸೊಲ್ಲುಗಳನ್ನು ಹಿಡಿದು ಒಂದೇ ಮಟ್ಟನ್ನು ಮೇಳವಾಗಿ ಮತ್ತೆ ಮತ್ತೆ ಹಾಡುತ್ತಾರೆ. ಪದಗಳ ಆಚೆಗೆ ಹೋದಾಗಲೇ ಪ್ರಾರ್ಥನೆ ಪೂರ್ಣವಾಗುತ್ತದೆಂಬುದು ಅವರ ನಂಬಿಕೆ. ಪಠ್ಯವನ್ನೇ ನೆಚ್ಚಿಕೊಂಡ ನಮ್ಮ ಅಧ್ಯಯನ ಕ್ರಮಕ್ಕೆ ಈ ಹಾಡಿನ ಬಗ್ಗೆ ಒಂದು ವಾಕ್ಯ ಬರೆಯಲೂ ಆಗುವುದಿಲ್ಲ. ನಮ್ಮ ಸುವ್ವಿ, ಕೋಲೆ, ತಂದಾನಗಳನ್ನು ಅಚ್ಚು ಹಾಕುವಾಗ ಅನೇಕ ಸಂಪಾದಕರು ಮೊದಲ ಸಾಲಿನಲ್ಲಿ ಒಮ್ಮೆ ಕೊಟ್ಟು ಉಳಿದೆಡೆ ಬಿಟ್ಟುಬಿಡುವುದು ನೆನಪಾಗುತ್ತದೆ.

ವಿಶ್ವವಿದ್ಯಾಲಯ ಇದನ್ನು ಕಲಿಸುವುದಾದರೂ ಹೇಗೆ ಎಂಬುದಕ್ಕೆ ಮಾದರಿಗಳಿವೆ. ಅಮೆರಿಕಕ್ಕೆ ವಲಸೆ ಹೋದ ಯಹೂದಿಗಳ ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ಕ್ಲೆಜ್ಮರ್ ಹೆಚ್ಚುಕಡಿಮೆ ಮರೆತೇಹೋಗಿತ್ತು. 1970ರ ದಶಕದಲ್ಲಿ ಕೆಲವು ಯುವಕರು 1910–20ರ ದಶಕಗಳ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ ತೆಗೆದು, ಕ್ಲಾರಿನೆಟ್ ವಾದಕರಾದ ನಫ್ತುಲೆ ಬ್ರಾಂಡ್ವೈನ್, ಡೇವ್ ಟಾರಸ್ ಮೊದಲಾದವರ ನುಡಿಸಾಣಿಕೆಯನ್ನು ಕೇಳಿ ಕೇಳಿ ಕಲಿತರು. ಆಗಿನ್ನೂ ಬದುಕಿದ್ದ ಡೇವ್ ಟಾರಸ್‌ರ ಮನೆಬಾಗಿಲಿಗೇ ಹೋಗಿ ಪಾಠ ಹೇಳಿಸಿಕೊಂಡವರೂ ಉಂಟು. 1980ರಲ್ಲಿ ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಹ್ಯಾಂಕಸ್ ನೆಟ್‌ಸ್ಕಿ ಎಂಬ ಅಧ್ಯಾಪಕರು ವಿದ್ಯಾರ್ಥಿಗಳ ಮೇಳವನ್ನು ಕಟ್ಟಿದರು. ಅವರ ಕುಟುಂಬದ ಹಿರಿಯರೇ ಫಿಲಡೆಲ್ಫಿಯಾದಲ್ಲಿ ಮದುವೆಗಳಿಗೆ ಕ್ಲೆಜ್ಮರ್ ನುಡಿಸುತ್ತಿದ್ದವರು. ಕನ್ಸರ್ವೇಟರಿಯಂಥ ಶಾಸ್ತ್ರೀಯ ಸಂಗೀತದ ಸಂಸ್ಥೆ, ಮದುವೆಮನೆಯ ಸಂಗೀತಕ್ಕೆ, ಅದೂ ಕಿವಿಯಿಂದ ಕಲಿಯುವ ಪದ್ಧತಿಗೆ ಬಾಗಿಲು ತೆರೆದದ್ದು ದೊಡ್ಡ ಮಾತು. ನಮ್ಮ ಸಂಗೀತ ವಿಭಾಗಗಳು ಚಿಟ್ಟಿಮೇಳದವರನ್ನು ಉತ್ಸವದ ಮೆರವಣಿಗೆಗೆ ಕರೆಯುತ್ತವೆ. ಅವರನ್ನು ಅಧ್ಯಾಪಕರ ಕುರ್ಚಿಯಲ್ಲಿ ಕೂರಿಸಿದ್ದನ್ನು ನಾನಂತೂ ಕಾಣಲಿಲ್ಲ.

ಇಷ್ಟಾದರೂ ಇದೆಲ್ಲ ದೂರದೇಶದ ಸಂಗತಿ ಎನ್ನುವವರಿಗೆ ನಾನು ಕೊಚ್ಚಿಯತ್ತ ಕೈತೋರಿಸುತ್ತೇನೆ. ಕೇರಳದ ಯಹೂದಿಗಳು ಮಾತನಾಡುತ್ತಿದ್ದದ್ದು ಮಲಯಾಳವನ್ನು, ನಮ್ಮ ನುಡಿಯ ಸೋದರ ನುಡಿಯನ್ನು. ಅವರ ಹೆಂಗಸರಲ್ಲಿ ಮದುವೆಗೆ, ಹಬ್ಬಕ್ಕೆ, ಪ್ರಾರ್ಥನಾ ಮಂದಿರ ಕಟ್ಟಿದ ಸಂಭ್ರಮಕ್ಕೆ ಹೇಳುವ ಮಲಯಾಳಂ ಹಾಡುಗಳ ದೊಡ್ಡ ಭಂಡಾರವೇ ಇತ್ತು. ಮಲಯಾಳದ ನಡುವೆ ಅಲ್ಲೊಂದು ಇಲ್ಲೊಂದು ಹೀಬ್ರೂ ಪದ, ಬೈಬಲ್ಲಿನ ಕಥೆಗೆ ಕೇರಳದ ಹೂವು, ಗಿಳಿ, ಒಡವೆಗಳ ಅಲಂಕಾರ, ಹೀಗಿದೆ ಅವುಗಳ ರೀತಿ. ಹೆಂಗಸರು ಈ ಹಾಡುಗಳನ್ನು ಮಲಯಾಳಂ ಲಿಪಿಯಲ್ಲಿ ನೋಟ್‌ಬುಕ್ಕುಗಳಿಗೆ ಕೈಯಾರೆ ಬರೆದುಕೊಂಡು, ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡು, ತಲೆಮಾರುಗಳ ಕಾಲ ಕಾಪಾಡಿದರು. 1950ರ ದಶಕದಲ್ಲಿ ಆ ಸಮುದಾಯದ ಬಹುಪಾಲು ಜನ ಇಸ್ರೇಲಿಗೆ ಹೊರಟಾಗ ನೋಟ್‌ಬುಕ್ಕುಗಳೂ ಅವರೊಂದಿಗೆ ಹೊರಟವು. ಅಲ್ಲಿ ಮಕ್ಕಳು ಹೀಬ್ರೂ ಕಲಿತರು, ಮಲಯಾಳಂ ಓದಲು ಬರುವವರು ಕಡಿಮೆಯಾದರು, ನೋಟ್‌ಬುಕ್ಕು ಮನೆಯಲ್ಲೇ ಇದ್ದರೂ ಅದನ್ನು ಹಾಡಬಲ್ಲವರು ವಯಸ್ಸಾದ ಹೆಂಗಸರು ಮಾತ್ರ ಎಂಬಂತಾಯಿತು.

ಆ ಹಾಡುಗಳನ್ನು ಅಲ್ಲಿಂದ ಮೇಲೆತ್ತಿದವರಲ್ಲಿ ಕೇರಳದ ಮಲಯಾಳಂ ಪ್ರಾಧ್ಯಾಪಕ ಸ್ಕರಿಯಾ ಸಕ್ಕರಿಯಾ, ಅಮೆರಿಕದ ಮಾನವಶಾಸ್ತ್ರಜ್ಞೆ ಬಾರ್ಬರಾ ಜಾನ್ಸನ್ ಮೊದಲಾದವರಿದ್ದಾರೆ. ಅವರಿಗೂ ಮುಂಚೆ ಪಿ.ಎಂ. ಜುಸ್ಸೆ ಎಂಬ ಕೇರಳದ ವಿದ್ವಾಂಸರು ಈ ಹಾಡುಗಳನ್ನು ಕಲೆಹಾಕಿದ್ದರು. ಇವರೆಲ್ಲ ಹಲವು ನೋಟ್‌ಬುಕ್ಕುಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರ ನೋಡಿದರು, ಹಾಡಬಲ್ಲ ಅಜ್ಜಿಯರನ್ನು ಕೂರಿಸಿ ಧ್ವನಿಮುದ್ರಿಸಿದರು. ಹಿಂದೆ ನಾನು ಹೇಳಿದ ಹೀಬ್ರೂ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ 2004ರಲ್ಲಿ ಈ ಹೆಂಗಸರ ಹಾಡುಗಳ ಧ್ವನಿಮುದ್ರಿಕೆಯನ್ನು ಹೊರತಂದಿತು, ಮರುವರ್ಷ ಜೆರುಸಲೇಮಿನಿಂದಲೇ ಮಲಯಾಳಂ ಮತ್ತು ಹೀಬ್ರೂ ಎರಡರಲ್ಲೂ ಪಠ್ಯ ಪ್ರಕಟವಾಯಿತು. ಮಲಯಾಳಂ ಬಲ್ಲವರಿಲ್ಲದೆ ಈ ಕೆಲಸ ಮುಂದುವರಿಯುತ್ತಲೇ ಇರಲಿಲ್ಲ. ಯಹೂದಿ ಜನಪದ ಸಂಗೀತದ ಅಧ್ಯಯನವೆಂದರೆ ಹೀಬ್ರೂ ಬಲ್ಲವರ ಸ್ವತ್ತು ಎಂಬ ಭಾವನೆಯನ್ನು ನಾವು ಬಿಡಬೇಕು. ಅದರ ಒಂದು ಮುಖ್ಯ ಭಾಗ ದ್ರಾವಿಡ ಜಾನಪದದ ಒಳಗೇ ಇದೆ, ನಮ್ಮ ವಿದ್ಯಾರ್ಥಿಗಳು ಸ್ವಲ್ಪ ಶ್ರಮಪಟ್ಟರೆ ನೇರವಾಗಿ ಓದಬಹುದಾದ, ಕೇಳಬಹುದಾದ ದೂರದಲ್ಲಿದೆ. ನಮ್ಮ ಹಸೆಗೆ ಕರೆಯುವ ಹಾಡುಗಳನ್ನೂ ಕೊಚ್ಚಿಯ ಹೆಂಗಸರ ಮದುವೆ ಹಾಡುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಮಟ್ಟು, ಸೊಲ್ಲು, ಮೇಳದ ಕ್ರಮಗಳನ್ನು ಹೋಲಿಸಿದ ಕನ್ನಡದ ಸಂಶೋಧನೆಯೊಂದನ್ನು ನೋಡುವ ಆಸೆ ನನಗಿದೆ.

ಮಹಾರಾಷ್ಟ್ರದ ಕೊಂಕಣ ತೀರದ ಬೆನೆ ಇಸ್ರೇಲ್ ಯಹೂದಿಗಳು 19ನೇ ಶತಮಾನದ ಕೊನೆಯ ಭಾಗದಲ್ಲಿ ತಮ್ಮ ಧರ್ಮಗ್ರಂಥದ ಕಥೆಗಳನ್ನು ಮರಾಠಿ ಕೀರ್ತನದ ರೂಪದಲ್ಲಿ ಹೇಳತೊಡಗಿದ್ದು ಇನ್ನೊಂದು ನಿದರ್ಶನ. ಅಬ್ರಹಾಮನ, ಯೋಸೇಫನ ಕಥೆ ಅಲ್ಲಿ ಕೀರ್ತನಕಾರರ ಬಾಯಲ್ಲಿ, ಮರಾಠಿ ಛಂದಸ್ಸಿನಲ್ಲಿ ಬಂತು. ಹರಿಕಥೆಯನ್ನು ಬಲ್ಲ ನಮಗೆ ಅದನ್ನು ಅರ್ಥಮಾಡಿಕೊಳ್ಳಲು ಯಾವ ಮುನ್ನುಡಿಯೂ ಬೇಡ. ಇನ್ನು ಶಿರಾಡಿ ಘಾಟಿ ಇಳಿದರೆ ಸಿಗುವ ಮಂಗಳೂರಿನಲ್ಲಿ 12ನೇ ಶತಮಾನದಲ್ಲಿಯೇ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಹಿತ್ತಾಳೆಯ ಕಾರ್ಖಾನೆ ಇಟ್ಟುಕೊಂಡು ಹದಿನೈದಕ್ಕೂ ಹೆಚ್ಚು ವರ್ಷ ನೆಲೆಸಿದ್ದ ಸಂಗತಿ, ಕೈರೋ ನಗರದ ಪ್ರಾರ್ಥನಾ ಮಂದಿರವೊಂದರಲ್ಲಿ ಸಿಕ್ಕ ಹಳೆಯ ಕಾಗದಗಳಿಂದ ತಿಳಿದುಬಂದಿದೆ. ಅವನ ಮನೆಯಲ್ಲಿ ಯಾವ ಹಾಡು ಕೇಳಿಬರುತ್ತಿತ್ತೆಂದು ಆ ಕಾಗದಗಳು ಹೇಳುವುದಿಲ್ಲ. ಆದರೆ ಯಹೂದಿಗಳಿಗೂ ಕರ್ನಾಟಕಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಅಷ್ಟು ಉತ್ತರ ಸಾಕು.

ಸಂಬಂಧ ಒಮ್ಮುಖವೂ ಅಲ್ಲ. ನಮ್ಮ ಹಾಸನ ಆಕಾಶವಾಣಿಯೂ ಸೇರಿದಂತೆ ದೇಶದ ನಿಲಯಗಳಲ್ಲಿ ಬೆಳಗಿನ ಪ್ರಸಾರಕ್ಕೆ ಮೊದಲು ತಂಬೂರಿಯ ಮೇಲೆ ಪಿಟೀಲು ಹೊರಡಿಸುವ ಆ ಪರಿಚಿತ ಸಂಕೇತ ಧ್ವನಿಯನ್ನು ಸಂಯೋಜಿಸಿದವರು ವಾಲ್ಟರ್ ಕೌಫ್‌ಮನ್ ಎಂದು ಸಾಮಾನ್ಯವಾಗಿ 
ಹೇಳಲಾಗುತ್ತದೆ. 1934ರಲ್ಲಿ ಯುರೋಪನ್ನು ಬಿಟ್ಟು ಮುಂಬಯಿಗೆ ಬಂದ ಯಹೂದಿ ಸಂಗೀತಜ್ಞ ಅವರು. ಮುಂಬಯಿ ಆಕಾಶವಾಣಿಯಲ್ಲಿ ಬಹುಕಾಲ ದುಡಿದು, ಮುಂದೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಉತ್ತರಾದಿ ಮತ್ತು ದಕ್ಷಿಣಾದಿ ರಾಗಗಳೆರಡರ ಮೇಲೂ ಬೃಹತ್ ಗ್ರಂಥಗಳನ್ನು ಬರೆದರು. ನಮ್ಮ ಸಂಗೀತ ಅವರ ವಿಶ್ವವಿದ್ಯಾಲಯದಲ್ಲಿ ಗಂಭೀರ ಅಧ್ಯಯನಕ್ಕೆ ಯೋಗ್ಯವೆನಿಸಿತು.

ಈ ಹೊತ್ತಿನ ಪಶ್ಚಿಮ ಏಷ್ಯಾದ ರಾಜಕೀಯದ ನಡುವೆ ಇಂಥ ಘಟಕವನ್ನು ತಂದರೆ ಒಂದು ಪಕ್ಷ ವಹಿಸಿದಂತಾಗುವುದಿಲ್ಲವೇ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳಿದ್ದಾರೆ. ವೊಲಿನಿಯಾದ ಪಿಟೀಲುಗಾರ, ಯೆಮನ್ನಿನ ಹಾಡುಗಾತಿ, ಕೇರಳದ ಪರವೂರಿನ ಅಜ್ಜಿ ಇವರ ಹಾಡುಗಳು ಈಗಿನ ಯಾವ ಸರ್ಕಾರಕ್ಕಿಂತಲೂ ಹಳೆಯವು, ಆಯಾ ನೆಲದ ನೆರೆಹೊರೆಯವರೊಂದಿಗೆ ಕೊಟ್ಟು ತೆಗೆದುಕೊಂಡು ಬೆಳೆದವು. ಉಕ್ರೇನಿಯನ್, ಅರಬ್ಬಿ, ತುರ್ಕಿ, ಮಲಯಾಳಂ ಹಾಡುಗಳ ಜೊತೆಗಿಟ್ಟು ಓದಿದರೆ ಮಾತ್ರ ಅವು ಅರ್ಥವಾಗುತ್ತವೆ. ಹಾಗೆ ಓದಿಸುವುದಾದರೆ ಆ ಭಯಕ್ಕೆ ಕಾರಣವಿಲ್ಲ.

ಕೊನೆಯದಾಗಿ ನನ್ನ ಸಲಹೆ. ಈ ಘಟಕವನ್ನು ವಿಶ್ವ ಜಾನಪದವೆಂಬ ಪಠ್ಯಪತ್ರಿಕೆಯ ಕೊನೆಗೆ ನಾಲ್ಕು ಪುಟದ ಟಿಪ್ಪಣಿಯಾಗಿ ಸೇರಿಸುವುದಾದರೆ ಸೇರಿಸುವುದೇ ಬೇಡ. ವಿದ್ಯಾರ್ಥಿಗಳು ಕ್ಲೆಜ್ಮರ್ ಎಂದರೇನು ಎಂಬ ಎರಡು ಅಂಕದ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿ ಮರೆಯುತ್ತಾರೆ. ಜಾನಪದ ಮತ್ತು ಸಂಗೀತ ವಿಭಾಗಗಳು ಕೂಡಿ ನಡೆಸುವ ಐಚ್ಛಿಕ ಪತ್ರಿಕೆಯಾಗಿ ಅದು ಬರಲಿ, ಅರ್ಧ ಅಂಕಗಳು ಕೇಳ್ಮೆಯ ಪರೀಕ್ಷೆಗೆ ಇರಲಿ. ಒಂದು ಕಡೆ ಕೊಚ್ಚಿಯ ಹೆಂಗಸರ ಹಾಡನ್ನೂ ಬೆರೆಗೋವ್‌ಸ್ಕಿಯ ಸಂಗ್ರಹದ ಒಂದು ನುಡಿಸಾಣಿಕೆಯನ್ನೂ ಕೇಳಿ ವಿವರಿಸಬೇಕು. ಇನ್ನೊಂದು ಕಡೆ ಅದೇ ವಿದ್ಯಾರ್ಥಿ ತನ್ನ ಊರಿನ ಒಬ್ಬ ಹಾಡುಗಾತಿಯ ಬಳಿ ಹೋಗಿ, ಹೇಳಿದವರ ಹೆಸರು, ಊರು, ಸಂದರ್ಭ, ದಿನಾಂಕಗಳನ್ನು ನಮೂದಿಸಿ, ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಆ ಮಟ್ಟಿಗೆ ಸ್ವರ ಹಾಕಿ ಒಪ್ಪಿಸಬೇಕು. ಹಾಡಿದವರಿಗೆ ಅದರ ಒಂದು ಪ್ರತಿ ಸಲ್ಲಬೇಕು, ಅವರ ಶ್ರಮಕ್ಕೆ ಗೌರವಧನವೂ ಸಲ್ಲಬೇಕು. ಹೀಗೆ ಬಂದ ಧ್ವನಿಗಳನ್ನು ಇಡಲು ಹಾಸನದ ಹೇಮಗಂಗೋತ್ರಿ ಎಂಬ ವಿಶ್ವವಿದ್ಯಾಲಯ ಆವರಣದಲ್ಲಿ ತೇವ ತಾಗದ ಒಂದು ಕೋಣೆ, ಒಂದು ಗಣಕಯಂತ್ರ, ಸೂಚಿ ತಯಾರಿಸುವ ಒಬ್ಬ ಸಿಬ್ಬಂದಿ ಇಷ್ಟಿದ್ದರೆ ಕೆಲಸ ಶುರುವಾಗುತ್ತದೆ. ಜಿಲ್ಲೆಯ ನಿವೃತ್ತ ಅಧ್ಯಾಪಕರ ಮನೆಗಳ ಟ್ರಂಕುಗಳಲ್ಲಿ ಬೂಷ್ಟು ಹಿಡಿಯುತ್ತಿರುವ ಕ್ಯಾಸೆಟ್ಟುಗಳನ್ನು ಮೊದಲು ಅಲ್ಲಿಗೆ ತರಿಸಬೇಕು. ಕ್ಷೇತ್ರಕಾರ್ಯದಲ್ಲಿ ನಾನು ತುಂಬಿಸಿದ ಸೋಬಾನೆ ಮತ್ತು ನಾಟಿ ಪದಗಳ ಕ್ಯಾಸೆಟ್ಟುಗಳನ್ನು ಒಪ್ಪಿಸಲು ನಾನು ಸಿದ್ಧಳಿದ್ದೇನೆ. ಪಠ್ಯಕ್ರಮ ಸಮಿತಿ ಕರೆದರೆ ಈ ಸಲಹೆಯನ್ನು ವಿವರವಾಗಿ ಬರೆದೂ ಕೊಡುತ್ತೇನೆ. ವಿರೋಧಿಸಿ ಪತ್ರ ಬರೆದ ಓದುಗರಿಗೆ ಸೋಬಾನೆ ಹಾಡಬಲ್ಲ ಹಿರಿಯರು ಯಾರಾದರೂ ಗೊತ್ತಿದ್ದರೆ, ನಿಮ್ಮ ಪತ್ರಿಕೆಯ ಮೂಲಕ ದಯವಿಟ್ಟು ತಿಳಿಸಬೇಕೆಂದು ಅವರನ್ನು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕಿ,
ಹಾಸನ